ಅತ್ತೆ ನನ್ನನ್ನು ಹೊಗಳಿದ ಮಧ್ಯಾಹ್ನ

“ನಾಳೆಯಿಂದ ನಿಮ್ಮಮ್ಮನ ಸಕ್ಕರೆ ಕಾಯಿಲೆ ನನ್ನ ಜವಾಬ್ದಾರಿ!” ಎಂದು ಊಟದ ಮೇಜನ್ನು ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ಉಪ್ಪಿನ ಡಬ್ಬಿ ಮಗುಚಿಕೊಂಡಿತು.

ಹೆಂಡತಿ ಡಬ್ಬಿಯನ್ನು ಎತ್ತಿ ನಿಲ್ಲಿಸಿ, “ಮೊದಲು ಈ ಉಪ್ಪಿನ ಜವಾಬ್ದಾರಿ ತಗೊಳ್ಳಿ, ಬಟ್ಟೆ ಅಲ್ಲಿದೆ” ಎಂದಳು.

ಘೋಷಣೆಗಳಿಗೆ ನಮ್ಮ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ. ಹೊರಗಡೆ ಹಾಗಲ್ಲ. ಹೊರಗಡೆ ನಾನು ಅಂಕಣಕಾರ! ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಸಿಟ್ಟು ಮಾಡಿಕೊಳ್ಳುವುದೇ ನನ್ನ ಉದ್ಯೋಗ. ಗುಂಡಿ ಬಿದ್ದ ರಸ್ತೆ, ತಲೆಯೆತ್ತದ ಗುಮಾಸ್ತ, ಬಾರದ ನೀರು, ಇವರೆಲ್ಲ ನನ್ನ ಅನ್ನದಾತರು. ಶಾಲೆ ನನ್ನನ್ನು ಬಿಟ್ಟಿತೋ ನಾನು ಶಾಲೆಯನ್ನು ಬಿಟ್ಟೆನೋ ಎಂಬುದು ಇನ್ನೂ ಇತ್ಯರ್ಥವಾಗದ ಮೊಕದ್ದಮೆ. ಕಲಿತದ್ದೆಲ್ಲ ಅಂಗಡಿಯವನು ಪೊಟ್ಟಣ ಕಟ್ಟಿಕೊಟ್ಟ ಹಳೇ ಕಾಗದಗಳಿಂದ. ಹಾಗೆ ಕಲಿತವನಿಗೆ ಒಂದು ಧೈರ್ಯವಿರುತ್ತದೆ: ಕಾಗದದ ಮೇಲಿರುವ ಯಾವ ವಿದ್ಯೆಯೂ ಒಂದು ಸಂಜೆಯ ಓದಿಗಿಂತ ದೊಡ್ಡದಲ್ಲ ಎಂಬ ಧೈರ್ಯ!

ಅತ್ತೆಯದು ಬೇರೆಯೇ ಗತ್ತು. ಅವರು ಜೀವಮಾನವಿಡೀ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ನಿವೃತ್ತರಾದ ಮೇಲೆ ತಿದ್ದಲು ಕರಡು ಸಿಗದೆ ನನ್ನನ್ನು ತಿದ್ದುತ್ತಿದ್ದಾರೆ. ನಾನು ಅಂಕಣ ಬರೆದು ಕಳಿಸುವ ಮುನ್ನ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳುವವನು, ಅದೊಂದು ಚಟ. ಹೆಂಡತಿ ಈ ಚಟಕ್ಕೆ ಸಿಗದಷ್ಟು ಜಾಣೆ. ಅತ್ತೆ ಸಿಗುತ್ತಾರೆ; ಆದರೆ ಪುಕ್ಕಟೆ ಸಿಗುವುದಿಲ್ಲ. ಮೊದಲ ಸಾಲಿಗೇ “ಅಳಿಯಂದ್ರೇ, ಇಷ್ಟುದ್ದ ವಾಕ್ಯ ಯಾಕೆ? ಬಟ್ಟೆ ಒಣಗಿಸೋಕಾ?” ಎನ್ನುತ್ತಾರೆ. ಎರಡನೆಯದಕ್ಕೆ “ಇಲ್ಲಿ ಸಿಟ್ಟು ಬಂದಿದೆ, ವಿಷಯ ಬಂದಿಲ್ಲ.” ಮೂರನೆಯದು ಮುಗಿಯುವಷ್ಟರಲ್ಲಿ ನಾನು ಸತ್ತಿರುತ್ತೇನೆ. ನನ್ನನ್ನು ಇಡೀ ಊರೇ ಮೆಚ್ಚಿ ಮೆರವಣಿಗೆ ಮಾಡಿದರೂ ಅತ್ತೆ ಕಿಟಕಿ ತೆಗೆದು, “ಬ್ಯಾನರಿನಲ್ಲಿ ಎರಡು ತಪ್ಪಿದೆ” ಎಂದಾರು.

ಅವರಿಗೆ ಕಣ್ಣು ಮಂಜಾದ ಮೇಲೆ ನಮ್ಮ ಮನೆಗೇ ಬಂದರು. ದಿನಾ ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅದನ್ನು ಚುಚ್ಚುವ ಪೆನ್ನಿನ ಮೇಲಿನ ಸಣ್ಣ ಅಂಕಿ ಅವರಿಗೆ ಕಾಣುವುದಿಲ್ಲ. ಅದಕ್ಕಾಗಿ ನನ್ನ ಹೆಂಡತಿ ವಿದ್ಯುತ್ ಬಿಲ್ಲು ಕಟ್ಟಿಸಿಕೊಳ್ಳುವ ತನ್ನ ಕೌಂಟರಿನಿಂದ ಎರಡು ಬಸ್ಸು ಬದಲಿಸಿ ಓಡಿ ಬಂದು, ಅಂಕಿ ನೋಡಿಕೊಟ್ಟು, ಊಟಕ್ಕೆ ಕೂರಿಸಿ, ತಾನು ಏನನ್ನೂ ತಿನ್ನದೆ ಮತ್ತೆ ಎರಡು ಬಸ್ಸು ಹಿಡಿದು ಓಡುತ್ತಿದ್ದಳು. ನಾನು? ನಾನು ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ಕೂತು, ದುಡಿಯುವ ಹೆಂಗಸರ ಬವಣೆಯ ಬಗ್ಗೆ ಕಣ್ಣೀರು ತರಿಸುವಂಥ ಅಂಕಣ ಬರೆಯುತ್ತಿದ್ದೆ! ಅದು ಅಚ್ಚಾಗಿ ಬಂದ ದಿನ, ಯಾರೋ ಓದುಗರು “ನಿಮ್ಮ ಮನೆಯಾಕೆ ಪುಣ್ಯವಂತೆ” ಎಂದು ಬರೆದಿದ್ದನ್ನು ನೋಡಿ ನನಗೇ ನಾಚಿಕೆಯಾಯಿತು. ಉಪ್ಪಿನ ಡಬ್ಬಿ ಉರುಳಿದ್ದು ಆ ನಾಚಿಕೆಯಿಂದ.

ಉಪ್ಪು ಒರೆಸಿದ ಮೇಲೆ ಹೆಂಡತಿ ನನ್ನೆದುರು ಕೂತಳು.

“ನಿಜವಾಗ್ಲೂ ನೋಡ್ಕೋತೀರಾ?”

“ಒಂದು ಸಂಜೆ ಓದಿದ್ರೆ ನಾನು ಅರ್ಧ ಡಾಕ್ಟರ್ ಕಣೇ!”

“ಅರ್ಧ ಡಾಕ್ಟರ್ ಬೇಡ, ಪೂರ್ತಿ ಅಳಿಯ ಆದ್ರೆ ಸಾಕು. ನೋಡಿ, ನೆನಪಿಟ್ಟುಕೊಳ್ಳಬೇಕಾದ್ದು ಒಂದೇ. ಇಂಜೆಕ್ಷನ್ ಆದ್ಮೇಲೆ ಊಟ ತಡ ಮಾಡೋ ಹಾಗಿಲ್ಲ. ತಡ ಆದ್ರೆ ಅಮ್ಮನ ಜೀವಕ್ಕೇ ಕುತ್ತು ಬರತ್ತೆ. ಊಟ ನಾನು ಬೆಳಗ್ಗೆನೇ ಮಾಡಿ ಮುಚ್ಚಿಟ್ಟು ಹೋಗ್ತೀನಿ. ಇನ್ನೊಂದು, ಅಮ್ಮನಿಗೆ...”

“ಗೊತ್ತು, ಗೊತ್ತು.”

“ಏನು ಗೊತ್ತು? ನಾನಿನ್ನೂ ಹೇಳೇ ಇಲ್ಲ.”

“ನೀನು ಹೇಳೋದಕ್ಕೆ ಮುಂಚೆನೇ ಗೊತ್ತು!” ಎಂದೆ. ಅವಳು ಹೇಳಲು ಹೊರಟಿದ್ದ ಆ ಮಾತು ಅಲ್ಲೇ ನಿಂತಿತು.

ಅಷ್ಟರಲ್ಲಿ ಸುದ್ದಿ ನೆಂಟರಿಷ್ಟರಿಗೆ ಹಬ್ಬಿ ಫೋನು ಬಡಿದುಕೊಳ್ಳತೊಡಗಿತು. ಮೊದಲು ನನ್ನ ಭಾವಮೈದುನ: “ಭಾವ, ಅಮ್ಮನಿಗೆ ಹಣ್ಣು ತೋರಿಸ್ಲೇಬೇಡಿ!” ಅವನು ಇಟ್ಟ ಮರುಗಳಿಗೆಯೇ ಅತ್ತೆಯ ತಂಗಿ: “ಹಣ್ಣು ಬಿಟ್ಟು ಬೇರೇನೂ ಕೊಡ್ಬೇಡಿಪ್ಪಾ!” ಆಮೇಲೆ ನನ್ನ ಅಣ್ಣ: “ನಡೆಸೋ. ಬೆಳಗ್ಗೆ ಸಂಜೆ ನಡೆಸು.” ಅವನ ಕೈಯಿಂದ ಫೋನು ಕಸಿದುಕೊಂಡು ಅತ್ತಿಗೆ: “ನಡೆಸಿ ಗಿಡೆಸಿ ಬಿಟ್ಟೀಯ! ಕಾಲಿಗೆ ಗಾಯ ಆದ್ರೆ ಬೇಗ ಮಾಯಲ್ಲ.” ಒಬ್ಬರಿಗೆ ಅನ್ನ ವಿಷ, ಒಬ್ಬರಿಗೆ ಬ್ರೆಡ್ಡು ವಿಷ, ಒಬ್ಬರಿಗೆ ಆಲೂಗಡ್ಡೆ ವಿಷ, ಇನ್ನೊಬ್ಬರಿಗೆ ಹಾಲು. ಯಾರದೋ ಷಡ್ಡಕನಿಗೆ ಯಾವುದೋ ಬೇರು ಅರೆದು ಕುಡಿಸಿ ಕಾಯಿಲೆಯೇ ಹೋಯಿತಂತೆ. “ಈಗ ಹೇಗಿದಾರೆ?” ಎಂದು ಕೇಳಿದೆ. “ಅವ್ರೂ ಹೋದ್ರು” ಎಂದರು.

ಎಲ್ಲರ ಮಾತನ್ನೂ ಕೂಡಿಸಿ, ಕಳೆದು, ಭಾಗಿಸಿ ನೋಡಿದರೆ ನಮ್ಮತ್ತೆ ನಿರ್ಭಯವಾಗಿ ಸೇವಿಸಬಹುದಾದದ್ದು ಗಾಳಿಯೊಂದೇ! ನನ್ನ ತಲೆ ಗಿರ್ರೆಂದಿತು. ಗೊಂದಲವಾದಾಗ ಬುದ್ಧಿವಂತ ಸುಮ್ಮನಾಗುತ್ತಾನೆ. ಅಂಕಣಕಾರ ಇನ್ನೂ ಗಟ್ಟಿಯಾಗಿ ಕೂಗುತ್ತಾನೆ. ಅಷ್ಟು ಜನರಲ್ಲಿ ಒಬ್ಬರೂ, ಒಬ್ಬರೆಂದರೆ ಒಬ್ಬರೂ, ಈ ಕಾಯಿಲೆಯವರಿಗೆ ಸಕ್ಕರೆ ಇಳಿಯಲೂಬಹುದು, ಏರುವುದಕ್ಕಿಂತ ಬೇಗ ಇಳಿದು ಬೀಳಿಸಲೂಬಹುದು ಎಂದು ಹೇಳಲಿಲ್ಲ. ನನ್ನ ತಲೆಯಲ್ಲಿ ಸಕ್ಕರೆ ಕಾಯಿಲೆಯೆಂದರೆ ಮೇಲಕ್ಕೆ ಮಾತ್ರ ಹೋಗುವ ಲಿಫ್ಟು. ಸಕ್ಕರೆ ಶತ್ರು. ಶತ್ರುವನ್ನು ಏನು ಮಾಡಬೇಕು? ಗಡೀಪಾರು!

ಮರುದಿನ ಹೆಂಡತಿ ಬಸ್ಸು ಹತ್ತಿದ್ದೇ ತಡ, ಕಾರ್ಯಾಚರಣೆ ಶುರುವಾಯಿತು. ಬೆರಳು ಚುಚ್ಚಿ ಸಕ್ಕರೆ ಅಳೆಯುವ ಯಂತ್ರದಲ್ಲಿ ಅತ್ತೆಯ ಬೆಳಗಿನ ಅಂಕಿ ಇರಬೇಕಾದದ್ದಕ್ಕಿಂತ ಒಂದು ಕೂದಲೆಳೆ ಮೇಲಿತ್ತು. ನನಗೆ ಅಷ್ಟೇ ನೆಪ ಸಾಕು. ಸಕ್ಕರೆ ಡಬ್ಬಿ, ಜೇನಿನ ಬಾಟಲಿ, ಜ್ಯಾಮು, ಬಿಸ್ಕತ್ತು, ಯಾವುದೋ ಮದುವೆಯಲ್ಲಿ ಕೊಟ್ಟಿದ್ದ ಚಾಕಲೇಟು, ಕೆಮ್ಮಿನ ಸಿರಪ್ಪು ಎಲ್ಲವನ್ನೂ ಚೀಲಕ್ಕೆ ತುಂಬಿದೆ. ಕಡೆಗೆ ಅತ್ತೆಯ ಕೋಣೆಗೆ ನುಗ್ಗಿ ಶೋಧ ನಡೆಸಿದೆ. ದಿಂಬಿನ ಪಕ್ಕದಲ್ಲೇ ಒಂದು ಪುಟ್ಟ ಡಬ್ಬಿ! ಅದರೊಳಗೆ ಸಕ್ಕರೆಯ ತುಂಡುಗಳು!

“ಅತ್ತೆ! ಇದೇನಿದು?”

“ಅದನ್ನ ಮುಟ್ಬೇಡಿ. ಅದು ಔಷಧಿ.”

“ಎಲ್ಲ ಕುಡುಕರೂ ಹೀಗೇ ಹೇಳೋದು!”

“ನಿಮ್ಮ ತಲೇಲಿ ಮಿದುಳು ಇರೋ ಜಾಗ ಖಾಲಿ ಇದ್ರೆ ಬಾಡಿಗೆಗೆ ಕೊಡಿ” ಎಂದರು ಅತ್ತೆ. ನಾನು ಮುಗುಳ್ನಕ್ಕೆ. ಸುಧಾರಕರನ್ನು ಜನ ಯಾವಾಗಲೂ ಬೈದಿದ್ದಾರೆ.

ಎಸೆಯಲು ಮನಸ್ಸು ಬರಲಿಲ್ಲ. ಚೀಲವನ್ನು ಹೊತ್ತು ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರ ಮನೆಗೆ ಹೋದೆ. ಮೇಷ್ಟ್ರು ಒಂದು ಮಾತು ಕೊಟ್ಟರೆ ಗೋಡೆಗೆ ಮೊಳೆ ಹೊಡೆದ ಹಾಗೆ.

“ಮೇಷ್ಟ್ರೇ, ಇದು ನಿಮ್ಮ ವಶದಲ್ಲಿರಲಿ. ಯಾರು ಬಂದು ಕೇಳಿದ್ರೂ ಕೊಡ್ಬೇಡಿ. ಅತ್ತೆ ಅತ್ತರೂ ಕೊಡ್ಬೇಡಿ. ಅವರು ನನ್ನನ್ನೇ ಪುಸಲಾಯಿಸಿ ಕಳಿಸಿದ್ರೂ ಕೊಡ್ಬೇಡಿ!”

“ನೀವೇ ಬಂದು ಕೇಳಿದ್ರೂ?”

“ನಾನೇ ಬಂದು ಕಾಲಿಗೆ ಬಿದ್ರೂ!”

“ಆಯ್ತು” ಎಂದು ಮೇಷ್ಟ್ರು ಚೀಲವನ್ನು ಬೀರುವಿನೊಳಗಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಇಬ್ಬರು ಮಹಾಪುರುಷರ ನಡುವಿನ ಒಪ್ಪಂದ!

ಕೆಳಗೆ ಬಂದು ಹೆಂಡತಿ ಮುಚ್ಚಿಟ್ಟ ಊಟದ ತಪಾಸಣೆ ಮಾಡಿದೆ. ಎರಡು ಚೂರು ಬ್ರೆಡ್ಡು: ವಿಷ. ಆಲೂಗಡ್ಡೆ ಬಿದ್ದ ಸಾರು: ವಿಷ. ಒಂದು ಹಣ್ಣು: ಬಹುಮತವಿಲ್ಲ. ಮೊಟ್ಟೆ: ಯಾರೂ ಏನೂ ಹೇಳಿರಲಿಲ್ಲ, ಅದಕ್ಕೇ ಅನುಮಾನ. ಅನ್ನ ಚೆಲ್ಲುವುದು ಪಾಪ ಎಂದು ಅತ್ತೆಯ ಊಟವನ್ನು ನಾನೇ ಉಂಡೆ. ಚೆನ್ನಾಗಿತ್ತು! ಅತ್ತೆಗೆ ಒಣ ಕಾಳು ಬೇಯಿಸಿ ಕೊಡುವುದೆಂದು ತೀರ್ಮಾನಿಸಿ ಒಲೆಯ ಮೇಲಿಟ್ಟೆ. ಕಾಳನ್ನು ಹಿಂದಿನ ದಿನವೇ ನೆನೆಹಾಕಬೇಕು ಎಂಬ ವಿಷಯ ನಾನು ಓದಿದ ಯಾವ ಪೊಟ್ಟಣದ ಕಾಗದದಲ್ಲೂ ಇರಲಿಲ್ಲ.

“ಇಂಜೆಕ್ಷನ್ ಹೊತ್ತಾಯ್ತು. ಊಟ ತಯಾರಿದೆಯಾ?” ಎಂದು ಅತ್ತೆ ಕೇಳಿದರು.

“ಕಾಳು ಒಲೆ ಮೇಲಿದೆ. ಇನ್ನೇನು ಆಗೇಹೋಯ್ತು!”

ಪೆನ್ನಿನ ಅಂಕಿಯನ್ನು ಸರಿಯಾಗಿಯೇ ತಿರುಗಿಸಿ ಕೊಟ್ಟೆ. ಅತ್ತೆ ಚುಚ್ಚಿಕೊಂಡರು. ನಾನು ಅಡುಗೆಮನೆಗೆ ಹೋಗಿ ಒಂದು ಕಾಳನ್ನು ಬೆರಳಿನಲ್ಲಿ ಒತ್ತಿ ನೋಡಿದೆ. ಗೋಲಿಯಂತಿತ್ತು. ಇರಲಿ, ಬೇಯುತ್ತದೆ. ಸುಮ್ಮನೆ ಕಾಯುವ ಬದಲು ಅಂಕಣ ಓದಿ ಹೇಳೋಣ ಎಂದು ಕಾಗದ ತೆಗೆದುಕೊಂಡು ಅತ್ತೆಯ ಎದುರು ಕೂತೆ. ಆ ವಾರದ ಅಂಕಣದ ವಿಷಯವನ್ನು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಆದರೂ ಹೇಳಬೇಕು. ವಿಷಯ: ರೋಗಿಗಳನ್ನು ಕಾಯಿಸುವ ವ್ಯವಸ್ಥೆಯ ಕ್ರೌರ್ಯ!

ಮೊದಲ ಪ್ಯಾರಾಕ್ಕೆ ಅತ್ತೆ ಎಂದಿನಂತೆ, “ಕ್ರೌರ್ಯ ಅನ್ನೋದು ಮೂರು ಸಲ ಬಂತು. ಒಂದೇ ಸಲ ಚುಚ್ಚಿದ್ರೆ ನೋವು ಜಾಸ್ತಿ” ಎಂದರು. ಎರಡನೆಯದಕ್ಕೆ, “ಕಾಳು ಏನಾಯ್ತು ನೋಡಿ” ಎಂದರು. ಹೋಗಿ ನೋಡಿದೆ. ಕಾಳು ನನ್ನನ್ನು ನೋಡಿತು. ಬಂದು ಮುಂದುವರಿಸಿದೆ. ಮೂರನೆಯದಕ್ಕೆ ಅತ್ತೆ ಏನೂ ಅನ್ನಲಿಲ್ಲ. ನಾಲ್ಕನೆಯದಕ್ಕೂ ಇಲ್ಲ. ಆಶ್ಚರ್ಯದಿಂದ ತಲೆಯೆತ್ತಿದೆ. ಅತ್ತೆ ನನ್ನನ್ನೇ ನೋಡುತ್ತ ತಲೆದೂಗುತ್ತಿದ್ದರು. ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಶಾಂತಿ.

“ಚೆನ್ನಾಗಿದೆ” ಎಂದರು.

ನನ್ನ ಕೈಯಲ್ಲಿದ್ದ ಕಾಗದ ಜಾರಿ ಬಿತ್ತು. “ಏನಂದ್ರಿ?”

“ಬಹಳ ಚೆನ್ನಾಗಿದೆ ಸಾರ್.”

ಸಾರ್! ಇಷ್ಟು ವರ್ಷದ ಸಂಸಾರದಲ್ಲಿ ಆ ಬಾಯಿಂದ ನನಗೆ ‘ಸಾರ್’ ಎಂಬ ಪದ ಬಂದಿರಲಿಲ್ಲ! ಸಕ್ಕರೆ ಗಡೀಪಾರಾಗಿ ಅರ್ಧ ದಿನವಾಗಿಲ್ಲ, ಆಗಲೇ ಸ್ವಭಾವದಲ್ಲಿ ಇಷ್ಟು ಮಾಧುರ್ಯ! ಅತ್ತೆಯ ಸಿಡುಕಿಗೆಲ್ಲ ಆ ಸಕ್ಕರೆಯೇ ಕಾರಣವಾಗಿತ್ತು ಎಂಬ ಮಹಾಸತ್ಯ ನನಗೆ ಅಲ್ಲೇ ಹೊಳೆಯಿತು. ಮುಂದಿನ ವಾರದ ಅಂಕಣಕ್ಕೆ ವಿಷಯವೂ ಸಿಕ್ಕಿತು!

“ಇನ್ನೊಂದ್ಸಲ ಓದ್ಲಾ ಅತ್ತೆ?”

“ಓದಿ ಸಾರ್.”

ಓದಿದೆ. ಮೊದಲಿಂದ ಓದಿದೆ! ಈ ಸಲ ಕೈ ಆಡಿಸಿ, ದನಿಯನ್ನು ಏರಿಸಿ ಇಳಿಸಿ, ನಾಟಕದವರ ಹಾಗೆ ಓದಿದೆ. ಅತ್ತೆಯ ಹಣೆಯಲ್ಲಿ ಬೆವರು ಹನಿಯಿತು. ನನ್ನ ಬರಹದ ಕಾವು ಎಂದುಕೊಂಡೆ. ಅವರ ಕೈ ನಡುಗಿತು. ಮಾತಿನ ಶಕ್ತಿ ಅಂದರೆ ಇದು ಎಂದುಕೊಂಡೆ. ತುಟಿ ಬಿಳಚಿಕೊಂಡಿತು, ಅನ್ಯಾಯದ ಬಗ್ಗೆ ಕೇಳಿದರೆ ಯಾರಿಗೆ ತಾನೇ ಹಾಗಾಗುವುದಿಲ್ಲ? ‘ಬಾಗಿಲಲ್ಲಿ ಕಾಯುತ್ತಿರುವ ರೋಗಿಯ ಮುಖವನ್ನು ಒಮ್ಮೆಯಾದರೂ ನೋಡಿ!’ ಎಂಬ ಕೊನೆಯ ಸಾಲನ್ನು ನಾನು ಕಣ್ಣು ಮುಚ್ಚಿಕೊಂಡು ಉಚ್ಚರಿಸಿದೆ.

ಈ ವಿಜಯವನ್ನು ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಳ್ಳುವುದು ಹೇಗೆ? ಹೆಂಡತಿಗೆ ಫೋನು ಮಾಡಿದೆ.

“ಏನ್ರೀ? ಬೇಗ ಹೇಳಿ, ಸಾಲು ಬಾಗಿಲು ದಾಟಿದೆ.”

“ಕೂತಿದೀಯಾ? ನಿಮ್ಮಮ್ಮ ನನ್ನ ಅಂಕಣ ಚೆನ್ನಾಗಿದೆ ಅಂದ್ರು!”

ಆ ಕಡೆ ನಿಶ್ಶಬ್ದ. ಹೊಟ್ಟೆಕಿಚ್ಚು ಎಂದುಕೊಂಡೆ.

“ಎರಡೆರಡು ಸಲ ಓದಿಸ್ಕೊಂಡ್ರು! ನನ್ನನ್ನ ಸಾರ್ ಅಂದ್ರು!”

“ರೀ...” ಅವಳ ದನಿ ಒಡೆದಿತ್ತು. “ಅಮ್ಮ ಊಟ ಮಾಡಿದ್ಲಾ?”

“ಇನ್ನೂ ಇಲ್ಲ, ಕಾಳು ಬೇಯ್ತಾ ಇದೆ.”

“ಯಾವ ಕಾಳು? ಇಂಜೆಕ್ಷನ್?”

“ಅದು ಆಗ್ಲೇ ಆಯ್ತು. ಅದರಲ್ಲಿ ನಾನು ಭಾರೀ ಕಟ್ಟುನಿಟ್ಟು.”

“ಅಯ್ಯೋ, ಸಕ್ಕರೆ ಇಳಿದಿದೆ ರೀ! ಅಮ್ಮನಿಗೆ ಸಕ್ಕರೆ ಇಳಿದಾಗ ಮೊದಲು ಇಳಿಯೋದೇ ಕೋಪ! ನಿನ್ನೆ ಅದನ್ನೇ ಹೇಳೋಕೆ ಬಂದಿದ್ದು! ಅಮ್ಮ ಎಚ್ಚರ ಇದಾಳಾ? ನುಂಗೋಕಾಗತ್ತಾ ನೋಡಿ. ನುಂಗೋ ಹಾಗಿದ್ರೆ ದಿಂಬಿನ ಹತ್ರ ಡಬ್ಬಿ ಇದೆ, ಸಕ್ಕರೆ ತುಂಡು ಬಾಯಿಗೆ ಕೊಡಿ. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, ಆಂಬುಲೆನ್ಸ್ ಕರೀರಿ. ಓಡಿ!”

“ಡಬ್ಬಿ... ಡಬ್ಬಿ ಇಲ್ಲ.”

“ಹಾಗಾದ್ರೆ ಅಡುಗೆಮನೇಲಿ ಸಕ್ಕರೆ!”

“ಅದೂ ಇಲ್ಲ.”

“ಜೇನು? ಜ್ಯಾಮು? ಏನಾದ್ರೂ?”

“ಎಲ್ಲ ಮೇಷ್ಟ್ರ ಬೀರುವಿನಲ್ಲಿದೆ.”

“ಯಾಕೆ?” ಎಂದು ಅವಳು ಕಿರುಚಿದ್ದು ಬಿಲ್ಲು ಕಟ್ಟಲು ನಿಂತ ಅಷ್ಟೂ ಜನಕ್ಕೆ ಕೇಳಿಸಿರಬೇಕು.

ನಾನು ಅತ್ತೆಯ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿದ್ದರು, ಆದರೆ ನನ್ನನ್ನು ನೋಡುತ್ತಿರಲಿಲ್ಲ. “ಸಾರ್, ಕರಡು ಮುಗೀತು. ಮಷೀನಿಗೆ ಕಳಿಸ್ಲಾ?” ಎಂದರು. ಆಗ ಗೊತ್ತಾಯಿತು ಆ ‘ಸಾರ್’ ನಾನಲ್ಲ ಎಂದು. ಅದು ಎಂದೋ ಮುಚ್ಚಿಹೋದ ಮುದ್ರಣಾಲಯದ ಯಾವನೋ ಯಜಮಾನ. ಅವನ ಮುಂದೆ ನಿಂತು, ಮನೆಗೆ ಹೋಗಲು ಅಪ್ಪಣೆ ಕೇಳುವ ಹುಡುಗಿಯ ದನಿಯದು. ಆ ಮೆತ್ತಗಿನ ದನಿಗೆ ನಾನು ಎರಡು ಸಲ ಅಂಕಣ ಓದಿದ್ದೆ!

ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಮೇಷ್ಟ್ರ ಬಾಗಿಲು ಬಡಿದೆ. ಮೇಷ್ಟ್ರು ಒಂದು ಕೈಯಲ್ಲಿ ಪೇಪರು, ಒಂದು ಕೈಯಲ್ಲಿ ಚಹಾ ಲೋಟ ಹಿಡಿದು ಬಾಗಿಲು ತೆರೆದರು.

“ಸಕ್ಕರೆ ಕೊಡಿ! ಬೇಗ!”

ಮೇಷ್ಟ್ರ ಮುಖದಲ್ಲಿ ಒಂದು ಮುಗುಳ್ನಗೆ ಮೂಡಿತು. “ಅಂತೂ ನಿಮ್ಮನ್ನೇ ಕಳಿಸಿದ್ರಾ? ಗಟ್ಟಿಗಿತ್ತಿ ಹೆಂಗಸು!”

“ಅಲ್ಲ ಮೇಷ್ಟ್ರೇ, ಈಗ ನಿಜವಾಗ್ಲೂ ಬೇಕು!”

“ನೀವೇ ಬಂದು ಕೇಳಿದ್ರೂ ಕೊಡ್ಬೇಡಿ ಅಂತ ನೀವೇ ಅಂದಿದ್ರಿ.”

“ಆಗ ಅಂದಿದ್ದು ನಾನಲ್ಲ! ಅಂದ್ರೆ, ನಾನೇ, ಆದ್ರೆ ಆಗ ನನಗೆ ಬುದ್ಧಿ ಇರ್ಲಿಲ್ಲ!”

“ಈಗ ಬಂದಿದೆ ಅನ್ನೋದಕ್ಕೆ ಏನು ಖಾತ್ರಿ?” ಎಂದರು ಮೇಷ್ಟ್ರು. ಪಾಠ ಹೇಳಿದವರ ಪ್ರಶ್ನೆ ನೋಡಿ!

ನಾನು ಕಾಲಿಗೆ ಬಿದ್ದೆ. “ಇದನ್ನೂ ಹೇಳಿದ್ರಿ” ಎಂದು ಅವರು ಹೆಜ್ಜೆ ಹಿಂದಿಟ್ಟು ಕೀಲಿಯನ್ನು ಭದ್ರವಾಗಿ ಹಿಡಿದುಕೊಂಡರು. “ನಿಮ್ಮ ಅಂಕಣ ಓದೋನು ನಾನು. ನೀವು ಮಾತಿಗೆ ತಪ್ಪೋರನ್ನ ಹೇಗೆ ಝಾಡಿಸ್ತೀರಿ ಅಂತ ಗೊತ್ತು. ನಾನು ತಪ್ಪಲ್ಲ.”

ಕೆಳಗೆ ಒಂದು ಜೀವ ಜಾರುತ್ತಿದೆ. ಮೇಲೆ ನನ್ನದೇ ಘೋಷಣೆ ನನ್ನೆದುರು ಎದೆಯುಬ್ಬಿಸಿ ನಿಂತಿದೆ! ತಾನು ತೋಡಿದ ಗುಂಡಿಗೆ ತಾನೇ ಬೀಳುವವರನ್ನು ನೋಡಿದ್ದೇನೆ. ತಾನು ತೋಡಿ, ಅದಕ್ಕೊಬ್ಬ ಕಾವಲುಗಾರನನ್ನೂ ಇಟ್ಟವನು ನಾನೊಬ್ಬನೇ ಇರಬೇಕು.

ಕಣ್ಣು ಚಹಾ ಲೋಟದ ಮೇಲೆ ಬಿತ್ತು.

“ಅದಕ್ಕೆ ಸಕ್ಕರೆ ಹಾಕಿದೀರಾ?”

“ಇದು ನನ್ನ ಚಹಾ. ಇದಕ್ಕೆ ನಾನು ಮಾತು ಕೊಟ್ಟಿಲ್ಲ. ಜಾಸ್ತೀನೇ ಹಾಕ್ಕೋತೀನಿ...”

ಮಿಕ್ಕದ್ದು ಕೇಳಿಸಿಕೊಳ್ಳಲಿಲ್ಲ. ಲೋಟವನ್ನು ಕಿತ್ತುಕೊಂಡು ಮೆಟ್ಟಿಲಿಳಿದೆ. “ಕಳ್ಳ! ಕಳ್ಳ!” ಎಂದು ಮೇಷ್ಟ್ರು ನನ್ನ ಹಿಂದೆಯೇ ಓಡಿ ಬಂದರು. ಅರ್ಧ ಚಹಾ ನನ್ನ ಅಂಗಿಗೆ ಹೋಯಿತು. ಉಳಿದರ್ಧ ಅತ್ತೆಗೆ ತಲುಪಿತು.

“ಅತ್ತೆ, ಕುಡೀರಿ.”

“ಬೇಡ ಸಾರ್, ಕೆಲಸದ ಹೊತ್ತಲ್ಲಿ...”

“ಕುಡೀರಿ ಅಂದ್ರೆ! ಯಜಮಾನ ನಾನು ಹೇಳ್ತಿದೀನಿ!” ಎಂದೆ. ಆ ಹಾಳು ಯಜಮಾನನಿಂದ ಅಷ್ಟಾದರೂ ಉಪಯೋಗವಾಗಲಿ!

ಅತ್ತೆ ಒಂದು ಗುಟುಕು ನುಂಗಿದರು. ಇನ್ನೊಂದು. ನಾನು ಹಿಡಿದ ಲೋಟ ಅವರ ಹಲ್ಲಿಗೆ ತಾಗಿ ಟಿಕ್ ಟಿಕ್ ಸದ್ದಾಗುತ್ತಿತ್ತು. ಬಾಗಿಲಿಗೆ ಬಂದ ಮೇಷ್ಟ್ರು ಅತ್ತೆಯ ಮುಖ ನೋಡಿದವರೇ ತಿರುಗಿ ಓಡಿದರು. ಚೀಲವನ್ನು ಹೊತ್ತು ಬಂದಾಗ ಅವರಿಗೆ ಏದುಸಿರು. “ಮೊದಲೇ ಸರಿಯಾಗಿ ಹೇಳೋದಲ್ವೇನ್ರೀ!” ಎಂದು ಗದರಿ, ಸಕ್ಕರೆ ಡಬ್ಬಿಯ ಮುಚ್ಚಳ ತಾವೇ ತೆಗೆದು, ಉಳಿದ ಚಹಾಕ್ಕೆ ಎರಡು ಚಮಚ ಸುರಿದು ಕಲಕಿದರು. ಅತ್ತೆ ಅದನ್ನೂ ಕುಡಿದರು.

ಆಮೇಲೆ ನಾವಿಬ್ಬರೂ ನೆಲದ ಮೇಲೆ ಕೂತು ಕಾದೆವು. ಕಾಯುವುದು ಎಂದರೇನೆಂದು ಅಂಕಣದಲ್ಲಿ ಉದ್ದಕ್ಕೆ ವರ್ಣಿಸಿದವನು ನಾನು. ಒಂದಕ್ಷರವೂ ಸರಿಯಿರಲಿಲ್ಲ. ಕಾಯುವಾಗ ಸಿಟ್ಟು ಬರುವುದಿಲ್ಲ ಸ್ವಾಮೀ. ಸಿಟ್ಟು ಬರುವುದಕ್ಕೂ ಒಂದಿಷ್ಟು ನೆಮ್ಮದಿ ಬೇಕು. ಅತ್ತೆಯ ತಣ್ಣಗಿನ ಕೈಯನ್ನು ಹಿಡಿದುಕೊಂಡು, ‘ಒಂದು ಸಲ ಬೈಯಿರಿ, ದಮ್ಮಯ್ಯ, ಒಂದೇ ಒಂದು ಸಲ ಬೈಯಿರಿ’ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅತ್ತೆ ಕಣ್ಣು ಪಿಳುಕಿಸಿದರು. ಮೇಷ್ಟ್ರನ್ನು ನೋಡಿದರು. ನನ್ನ ಅಂಗಿಯ ಮೇಲಿನ ಕಲೆ ನೋಡಿದರು. ಲೋಟದೊಳಗೆ ಇಣುಕಿದರು. ಹುಬ್ಬು ಗಂಟಿಕ್ಕಿತು.

“ಚಹಾಕ್ಕೆ ಇಷ್ಟು ಸಕ್ಕರೆ ಸುರಿದ ಮೂರ್ಖ ಯಾರು?”

“ನಾನು!” ಎಂದರು ಮೇಷ್ಟ್ರು, ಪದಕ ಬಂದವರ ಹಾಗೆ.

“ಇದಕ್ಕೆ ಚಹಾ ಅಂತಾರೇನ್ರೀ? ಇರುವೆ ಕೂಡ ಮುಖ ತಿರುಗಿಸತ್ತೆ! ಅಳಿಯಂದ್ರೇ, ಅಡುಗೆಮನೇಲಿ ಅದೇನು ಸೀದ ವಾಸನೆ? ಬಾಯಿ ತೆಕ್ಕೊಂಡು ನನ್ನ ಮುಖ ಏನು ನೋಡ್ತೀರಿ, ಹೋಗಿ ಒಲೆ ಆರಿಸಿ!”

ಆ ಬೈಗುಳ ಕಿವಿಗೆ ಬಿದ್ದದ್ದೇ ನಾನು ಅತ್ತುಬಿಟ್ಟೆ. ಕಾಳು ಮಾತ್ರ ಕಡೆಗೂ ಬೇಯಲಿಲ್ಲ. ನೀರೆಲ್ಲ ಆರಿ ಸೀದುಹೋಯಿತು. ಮೇಷ್ಟ್ರ ಮನೆಯಿಂದ ಬ್ರೆಡ್ಡು ಮೊಟ್ಟೆ ತಂದು ಅತ್ತೆಗೆ ತಿನ್ನಿಸಿ, ಮತ್ತೆ ಬೆರಳು ಚುಚ್ಚಿ ನೋಡಿದರೆ ಅಂಕಿ ದಡಕ್ಕೆ ಬಂದಿತ್ತು.

ಹೆಂಡತಿ ಬಸ್ಸಿಗೆ ಕಾಯದೆ ಆಟೋದಲ್ಲಿ ಬಂದಳು. ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡಲಿಲ್ಲ. ನೇರ ಹೋಗಿ ಅಮ್ಮನ ಕತ್ತು, ಅಂಗೈ, ಹಣೆ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ.

“ನಿನಗೂ ಸಕ್ಕರೆ ಇಳಿದಿದೆಯಾ?” ಎಂದು ಗಾಬರಿಯಿಂದ ಕೇಳಿದೆ.

“ಬಾಯಿ ಮುಚ್ಚಿ!” ಎಂದಳು. ಜೀವ ಬಂದಂತಾಯಿತು.

ಮರುದಿನ ಮೂವರೂ ಡಾಕ್ಟರಮ್ಮನ ಮುಂದೆ ಕೂತೆವು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಊಟ, ಕಾಳು, ಬೀರು, ಚಹಾ ಯಾವುದನ್ನೂ ನಾನು ಮುಚ್ಚಿಡಲಿಲ್ಲ. ಊರಿನವರ ತಪ್ಪನ್ನೆಲ್ಲ ಹೆಸರು ಹಿಡಿದು ಬರೆಯುವವನು ನನ್ನದನ್ನು ಮಾತ್ರ ನುಂಗಿಕೊಂಡರೆ ನಾನೆಂಥ ಅಂಕಣಕಾರ?

“ಬೆವರು, ನಡುಕ ಎಲ್ಲ ಆಮೇಲೆ ಬಂತು. ಮೊಟ್ಟಮೊದಲು ಕಾಣಿಸಿದ್ದೇನು?” ಎಂದು ಡಾಕ್ಟರಮ್ಮ ಪೆನ್ನು ಹಿಡಿದು ಕೇಳಿದರು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ಗೋಡೆ ನೋಡಿದಳು.

“ನನ್ನ ಬರಹ ಚೆನ್ನಾಗಿದೆ ಅಂದ್ರು” ಎಂದೆ.

ಡಾಕ್ಟರಮ್ಮ ನಗಲಿಲ್ಲ. ಗಂಭೀರವಾಗಿ ಬರೆದುಕೊಂಡರು. ಅದು ಇನ್ನೂ ನೋವಾಯಿತು.

“ಒಬ್ಬೊಬ್ಬರಿಗೆ ಒಂದೊಂದು ಥರ ಇರತ್ತೆ. ಕೆಲವರು ಸಿಡುಕ್ತಾರೆ, ಕೆಲವರು ಅಳ್ತಾರೆ. ಇದು ಪುಸ್ತಕದಲ್ಲಿ ಸಿಗಲ್ಲ, ಮನೆಯವರಿಗೇ ಗೊತ್ತಿರ್ಬೇಕು. ಸರಿ, ನಾಳೆಯಿಂದ ಮಧ್ಯಾಹ್ನ ಇವರ ಜೊತೆ ಯಾರಿರ್ತೀರಿ?”

“ನಾನೇ ರಜಾ ಹಾಕ್ತೀನಿ. ಇಲ್ಲಾಂದ್ರೆ ಮೊದಲಿನ ಹಾಗೆ ಬಂದು ಹೋಗ್ತೀನಿ” ಎಂದಳು ಹೆಂಡತಿ.

ನಾನು ತಲೆಯೆತ್ತಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಎಷ್ಟು ಗುದ್ದಿ ಘೋಷಿಸಿದ್ದ ಜವಾಬ್ದಾರಿ ಅದು!

“ಬೇಡ. ಇವ್ರೇ ಇರ್ಲಿ” ಎಂದರು ಅತ್ತೆ.

ನನಗೆ ಕಿವಿಯನ್ನೇ ನಂಬಲಾಗಲಿಲ್ಲ. ಹೆಂಡತಿಯಂತೂ ಅಮ್ಮನ ಹಣೆಗೆ ಕೈಯಿಟ್ಟು ಬೆವರಿದೆಯೇ ಎಂದು ನೋಡಿದಳು.

ಅತ್ತೆ ಆ ಕೈಯನ್ನು ತಳ್ಳಿದರು. “ಅಡುಗೆ ನೀನು ಮಾಡಿಟ್ಟು ಹೋಗು, ಇವ್ರು ಬಡಿಸ್ಲಿ. ನನ್ನ ಊಟ ಇವ್ರು ಉಣ್ಣಬಾರದು, ಅಷ್ಟೇ ಷರತ್ತು. ಊಟ ಆದ್ಮೇಲೆ ಕೂತು ಅಂಕಣ ಓದ್ಲಿ. ಬೈಯೋಕೆ ಮನಸ್ಸು ಬಂದ್ರೆ ನಾನು ಚೆನ್ನಾಗಿದೀನಿ ಅಂತ ಅರ್ಥ. ಬರ್ಲಿಲ್ಲಾಂದ್ರೆ ಸಕ್ಕರೆ ಕೊಡ್ಲಿ. ಇದಕ್ಕೆ ಬೆರಳು ಚುಚ್ಚೋ ಯಂತ್ರ ಯಾಕೆ?”

ಡಾಕ್ಟರಮ್ಮನಿಗೆ ಈ ಸಲ ನಗು ತಡೆಯಲಾಗಲಿಲ್ಲ. “ಆದ್ರೂ ಯಂತ್ರ ಪಕ್ಕದಲ್ಲೇ ಇರ್ಲಿ ಅಮ್ಮಾ. ಒಂದು ವೇಳೆ ಯಾವತ್ತಾದ್ರೂ ಇವ್ರು ನಿಜವಾಗ್ಲೂ ಚೆನ್ನಾಗಿ ಬರೆದುಬಿಟ್ರೆ?”

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡು, ಒಂದೇ ಉಸಿರಿನಲ್ಲಿ ಹೇಳಿದರು:

“ಆ ಅಪಾಯ ಇಲ್ಲ ಡಾಕ್ಟ್ರೇ!”